ಗೋಡೆಯ ಮೇಲಿನ ಹತ್ತೊಂಬತ್ತು

ನನ್ನ ಊಟದ ತಟ್ಟೆಗಳು ನೆಲಮಾಳಿಗೆಗೆ ಇಳಿದು ಎಷ್ಟೋ ವರ್ಷಗಳಾದವು. ಅಂಚಿಗೆ ನೀಲಿ ಹೂವಿದ್ದ ಒಳ್ಳೆಯ ತಟ್ಟೆಗಳು, ಮದುವೆಯಲ್ಲಿ ಅತ್ತೆ ಕೊಟ್ಟವು. ಅವು ಇದ್ದ ಗಾಜಿನ ಕಪಾಟಿನಲ್ಲಿ ಈಗ ನನ್ನ ಗಂಡ ಎಮಿಲ್‌ನ ಬೇಸ್‌ಬಾಲ್ ಕಾರ್ಡುಗಳಿವೆ. ಅಂಗೈಯಲ್ಲಿ ಹಿಡಿಸುವ ರಟ್ಟಿನ ತುಂಡುಗಳು. ಮುಂದೆ ಆಟಗಾರನ ಚಿತ್ರ, ಹಿಂದೆ ಅವನ ಆಟದ ಲೆಕ್ಕ. ಒಂದೊಂದಕ್ಕೂ ಒಂದೊಂದು ಪ್ಲಾಸ್ಟಿಕ್ ಅಂಗಿ. ಧೂಳು ಒರೆಸುವುದಕ್ಕೂ ನನಗೆ ಅನುಮತಿಯಿಲ್ಲ.

ಎಲ್ಲ ಆಟಗಾರರ ಕಾರ್ಡನ್ನೂ ಅವನು ಕೂಡಿಡುವುದಿಲ್ಲ. ಒಬ್ಬ ಆಟಗಾರ ಒಂದು ತಂಡಕ್ಕೆ ಬಹಳ ಕಾಲ ದುಡಿದು ಹೆಸರು ಮಾಡಿ ಹೋದರೆ, ಅವನ ಬೆನ್ನ ಮೇಲಿದ್ದ ನಂಬರನ್ನು ಆ ತಂಡ ಮತ್ತೆ ಯಾರಿಗೂ ಕೊಡುವುದಿಲ್ಲ. ನಂಬರಿಗೆ ನಿವೃತ್ತಿ ಕೊಟ್ಟು ಮೈದಾನದ ಗೋಡೆಯ ಮೇಲೆ ಆಳೆತ್ತರ ಬರೆದುಬಿಡುತ್ತಾರೆ. ಅಂಥವರ ಕಾರ್ಡುಗಳು ಮಾತ್ರ ಎಮಿಲ್‌ಗೆ ಬೇಕು. ಬೇರೆಯವರದ್ದು ಸಿಕ್ಕರೆ ಪಕ್ಕದ ಮನೆಯ ಮಕ್ಕಳಿಗೆ ಹಂಚುತ್ತಾನೆ. "ಉಳಿದವರೆಲ್ಲ ಆ ನಂಬರಲ್ಲಿ ಬಾಡಿಗೆಗೆ ಇದ್ದವರು ಕಣೇ. ಇವರು ಸ್ವಂತ ಮನೆ ಮಾಡ್ಕೊಂಡವರು," ಅನ್ನುತ್ತಾನೆ. ಇದನ್ನು ನಾನು ನಮ್ಮ ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ.

ಶನಿವಾರ ಬಂತೆಂದರೆ ಯಾವುದೋ ಊರಿನ ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲೋ ಹೆದ್ದಾರಿ ಬದಿಯ ಹೋಟೆಲಿನಲ್ಲೋ ಕಾರ್ಡುಗಳ ಸಂತೆ. ಅವನು ಮೇಜಿನಿಂದ ಮೇಜಿಗೆ ಬಗ್ಗಿ ನೋಡುತ್ತ ಹೋಗುವುದು, ನಾನು ಬಾಗಿಲ ಬಳಿ ಮಡಚುವ ಕುರ್ಚಿಯಲ್ಲಿ ಕೂತು ಆರಿದ ಕಾಫಿ ಕುಡಿಯುವುದು. ವಾರವಿಡೀ ಶಾಲೆಯ ಅಡುಗೆಮನೆಯಲ್ಲಿ ನಿಂತ ಕಾಲು ನನ್ನದು. ಊರೂರು ತಿರುಗಿ ವಾಷಿಂಗ್ ಮೆಷಿನ್ ರಿಪೇರಿ ಮಾಡಿದ ಬೆನ್ನು ಅವನದು. ಮನೆಯಲ್ಲಿ ಮಲಗಬಾರದೇ ಅಂತ ನಾನು ಕೇಳುವುದನ್ನು ಯಾವಾಗಲೋ ನಿಲ್ಲಿಸಿಬಿಟ್ಟಿದ್ದೆ.

ನಮ್ಮೂರು ಬ್ರಾಡ್ವಿಕ್. ತಂಡದ ಹೆಸರು ಫರ್ನೇಸ್‌ಮೆನ್, ಅಂದರೆ ಕುಲುಮೆಯವರು. ಉಕ್ಕಿನ ಕಾರ್ಖಾನೆಯ ಕುಲುಮೆಗಳು ಆರಿಹೋಗಿ ಅಲ್ಲಿ ಈಗ ಹುಲ್ಲು ಬೆಳೆದಿದೆ, ತಂಡದ ಹೆಸರು ಮಾತ್ರ ಹಾಗೇ ಉಳಿದಿದೆ. ನಮ್ಮ ಮೈದಾನದ ಗೋಡೆಯ ಮೇಲೆ ಇರುವ ನಂಬರುಗಳಲ್ಲಿ ಎಮಿಲ್‌ಗೆ ಬಹಳ ಪ್ರೀತಿಯದು ಹತ್ತೊಂಬತ್ತು. ಆರ್ಲೊ ಟ್ಯಾಗರ್ಟ್ ಎಂಬ ಕ್ಯಾಚರ್‌ನದು. ಚೆಂಡು ಎಸೆಯುವವನ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಬಂದ ಚೆಂಡನ್ನೆಲ್ಲ ಹಿಡಿಯುವವನೇ ಕ್ಯಾಚರ್. ಆ ಕಾಲಕ್ಕೆ ಊರಿನ ಬ್ರೆಡ್ ಕಂಪನಿಯೊಂದು ಬ್ರೆಡ್ ಪೊಟ್ಟಣದೊಳಗೆ ಕಾರ್ಡು ಇಟ್ಟು ಮಾರುತ್ತಿತ್ತು. ಟ್ಯಾಗರ್ಟ್‌ನ ಒಳ್ಳೆಯ ಕಾರ್ಡು ಅಂದರೆ ಅದೊಂದೇ. ಎಮಿಲ್‌ನ ಬಳಿ ಅದು ಇತ್ತು, ಸಹಿ ಮಾತ್ರ ಇರಲಿಲ್ಲ. ಟ್ಯಾಗರ್ಟ್ ಎಲ್ಲಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ. ದಕ್ಷಿಣಕ್ಕೆ ಹೋದ ಅಂತ ಕೆಲವರು, ಸತ್ತ ಅಂತ ಕೆಲವರು.

ಅವನನ್ನು ಕಂಡುಹಿಡಿದವಳು ಬೇಸ್‌ಬಾಲ್ ಅಂದರೆ ಆಕಳಿಸುವ ನಾನು.

ಹೋದ ಚಳಿಗಾಲದಿಂದ ನನ್ನ ಕಣ್ಣಿಗೆ ಚುಚ್ಚುಮದ್ದು ಹಾಕಿಸಿಕೊಳ್ಳುತ್ತಿದ್ದೇನೆ. ಹಾಕಿಸಿಕೊಂಡ ದಿನ ಕಾರು ಓಡಿಸುವಂತಿಲ್ಲ. ಎಮಿಲ್ ಕೆಲಸದಲ್ಲಿರುತ್ತಾನೆ. ಹಾಗಾಗಿ ಮೊದಲ ಸಲ ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ಯುವ ಜಿಲ್ಲೆಯ ವ್ಯಾನ್‌ನಲ್ಲಿ ಹೋಗಿ ಬಂದೆ. ಆ ಸಂಜೆ ಊಟಕ್ಕೆ ಕೂತಾಗ, ಮಾತಿಗೆ ಮಾತು ಅಂತ ಹೇಳಿದೆ.

"ವ್ಯಾನ್ ಓಡಿಸಿದವನ ಬೆರಳು ನೋಡ್ಬೇಕಿತ್ತು ನೀನು. ಒಂದೊಂದೂ ಒಂದೊಂದು ದಿಕ್ಕಿಗೆ. ಶುಂಠಿ ಬೇರು ಇದ್ದ ಹಾಗೆ."

"ಸಂಧಿವಾತ ಇರ್ಬೇಕು."

"ಅಲ್ಲ. ನಾನೂ ಹಾಗೇ ಅಂದ್ಕೊಂಡು ಕೇಳ್ದೆ. ಚೆಂಡು ಹಿಡಿದೂ ಹಿಡಿದೂ ಹಿಂಗಾಯ್ತು ಮೇಡಂ ಅಂದ. ಅಷ್ಟೇ ಹೇಳಿ ರೇಡಿಯೊ ಹಾಕ್ದ."

ಎಮಿಲ್ ಫೋರ್ಕ್ ಕೆಳಗಿಟ್ಟ. "ಹೆಸರೇನು?"

"ಎದೆ ಮೇಲೆ ಆರ್ಲೊ ಅಂತ ಬರ್ದಿತ್ತು."

ಅವನ ಮುಖ ನೋಡಿ ನನಗೆ ಹೆದರಿಕೆಯಾಯಿತು. ಎದೆನೋವು ಬಂತೇನೋ ಅಂದುಕೊಂಡೆ. ಎಲೆಕೋಸಿನ ಸುರುಳಿ ತಟ್ಟೆಯಲ್ಲೇ ಆರಿತು. "ಡೋರಿನ್," ಅಂದ ಕಡೆಗೆ, "ಮುಂದಿನ ಚುಚ್ಚುಮದ್ದು ಯಾವಾಗ?" ಕಣ್ಣು ನೋಯುತ್ತಿದೆಯಾ ಅಂತ ಕೇಳಲಿಲ್ಲ.

ಮುಂದಿನ ಸಲ ಅವನು ಕೆಲಸಕ್ಕೆ ರಜೆ ಹಾಕಿ ನನ್ನ ಜೊತೆಗೆ ಬಂದ. ಕೋಟಿನ ಒಳಜೇಬಿನಲ್ಲಿ ಕಾರ್ಡು. ವ್ಯಾನ್ ಬಂತು. ಟ್ಯಾಗರ್ಟ್ ಇಳಿದು, ಬಾಗಿಲು ಹಿಡಿದು, ಒಂದು ಕಾಲನ್ನು ಎಳೆದುಕೊಂಡೇ ಬಂದು ನನ್ನ ಕೈ ಹಿಡಿದು ಹತ್ತಿಸಿದ. ಎತ್ತರದ ಮನುಷ್ಯ, ಗಲ್ಲದಲ್ಲಿ ಬಿಳಿ ಕೂಳೆ ಗಡ್ಡ, ಸಾಯುವಷ್ಟು ಸುಸ್ತಾದ ಕಣ್ಣು. ಎಮಿಲ್ ಅವನ ಹಿಂದಿನ ಸೀಟಿನಲ್ಲಿ ಕೂತು, ಊರ ಸೇತುವೆ ದಾಟುವ ತನಕ ಗಂಟಲು ಸರಿಮಾಡಿಕೊಂಡ.

"ಟ್ಯಾಗರ್ಟ್ ಸರ್, ನೀವು..."

"ಬೆಲ್ಟ್ ಹಾಕ್ಕೊಳ್ಳಿ."

ಎಮಿಲ್ ಬೆಲ್ಟ್ ಹಾಕಿಕೊಂಡ. "ನಿಮ್ಮ ಆಟ ನಾನು ನೋಡಿದೀನಿ ಸರ್. ನಮ್ಮಪ್ಪನ ಜೊತೆ. ನಿಮ್ಮದೊಂದು ಸಹಿ..."

"ಸಹಿ ಹಾಕೋ ಕೆಲಸ ಬಿಟ್ಟು ಬಹಳ ದಿನ ಆಯ್ತು. ಈಗ ವ್ಯಾನ್ ಓಡಿಸ್ತೀನಿ."

"ಈ ವಯಸ್ಸಲ್ಲಿ ಯಾಕೆ ಸರ್ ಇದೆಲ್ಲ?"

ಟ್ಯಾಗರ್ಟ್ ಕನ್ನಡಿಯಲ್ಲಿ ಅವನನ್ನೊಮ್ಮೆ ನೋಡಿದ. "ನಿವೃತ್ತಿ ಆಗಿದ್ದು ನಂಬರಿಗೆ. ನನಗೆ ಯಾರೂ ಹೇಳ್ಲಿಲ್ಲ."

ನನಗೆ ನಗು ಬಂತು. ಎಮಿಲ್‌ಗೆ ಬರಲಿಲ್ಲ. ಅವನ ಕಣ್ಣಲ್ಲಿ ನೀರು ಕಂಡು ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಸಹಿ ಸಿಕ್ಕಿದ್ದು ಆಮೇಲೆ, ಅದೂ ಬೇರೆ ದಾರಿಯಲ್ಲಿ. ಆಸ್ಪತ್ರೆಯ ಹೊರಗೆ ನನಗಾಗಿ ಕಾಯುವಾಗ ಇಬ್ಬರೂ ಮಾತಿಗೆ ಬಿದ್ದಿದ್ದರು. ಟ್ಯಾಗರ್ಟ್‌ನ ವಾಷಿಂಗ್ ಮೆಷಿನ್ ನೀರು ಕಕ್ಕುತ್ತಿದೆ ಎಂದು ಗೊತ್ತಾಯಿತು. ಆ ಭಾನುವಾರವೇ ಎಮಿಲ್ ಸಲಕರಣೆ ಪೆಟ್ಟಿಗೆ ಹೊತ್ತು ಹೋದ. ಮುಚ್ಚಿದ ಹಾರ್ಡ್‌ವೇರ್ ಅಂಗಡಿಯೊಂದರ ಮೇಲೆ ಟ್ಯಾಗರ್ಟ್‌ನ ಬಾಡಿಗೆ ಮನೆ. ಹೆಂಡತಿ ತೀರಿಕೊಂಡಿದ್ದಳು. ಗೋಡೆಯ ಮೇಲೆ ಆಟದ ಒಂದು ಚಿತ್ರವೂ ಇರಲಿಲ್ಲವಂತೆ. ಮೆಷಿನ್ ಸರಿಯಾದ ಮೇಲೆ ಟ್ಯಾಗರ್ಟ್ ತಾನಾಗಿ ಕೈ ಚಾಚಿ, "ಕೊಡಪ್ಪ ಆ ಕಾರ್ಡು" ಅಂದನಂತೆ. ಆ ಬೆರಳುಗಳಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ. ಸಹಿ ಸೊಟ್ಟಗೆ ಬಂದಿತ್ತು. ಎಮಿಲ್ ಅದನ್ನು ಕಪಾಟಿನ ನಡುವಿನ ಹಲಗೆಯ ಮೇಲೆ ಇಟ್ಟ.

ಅಲ್ಲಿಂದ ಅವರಿಬ್ಬರೂ ಬಿಡಿಸಲಾಗದ ಜೋಡಿ. ಶುಕ್ರವಾರ ಚರ್ಚಿನ ಹಾಲ್‌ನಲ್ಲಿ ಹೆಂಗಸರು ಮಾಡಿ ಮಾರುವ ಪಿಯರೋಗಿ ಎಂಬ ಆಲೂಗಡ್ಡೆ ಕಡುಬು ತಿನ್ನಲು ನಾವು ಮೂವರೂ ಹೋಗುತ್ತಿದ್ದೆವು. ಎಮಿಲ್ ಹಳೆಯ ಆಟಗಳನ್ನು ಕೆದಕುವುದು, ಟ್ಯಾಗರ್ಟ್ ಈರುಳ್ಳಿ ಹೆಚ್ಚು ಹಾಕಿಸಿಕೊಳ್ಳುವುದು. "ನಿನಗೆ ನನ್ನ ಆಟ ನನಗಿಂತ ಚೆನ್ನಾಗಿ ನೆನಪಿದೆ ಮಾರಾಯ," ಅನ್ನುತ್ತಿದ್ದ. "ನನಗೆ ನೆನಪಿರೋದು ಮಂಡಿ ಒಂದೇ."

ಈ ವರ್ಷ ಆಟದ ಕಾಲ ಶುರುವಾಗುವ ಮುಂಚೆ ತಂಡ ಹೊಸ ಹುಡುಗನೊಬ್ಬನನ್ನು ತಂದಿತು. ಡೇಮಿಯನ್ ಪ್ರೂಯಿಟ್ ಅಂತ, ದೊಡ್ಡ ಹೊಡೆತಗಾರ. ಶಾಲೆಯ ದಿನದಿಂದ ಹತ್ತೊಂಬತ್ತೇ ಹಾಕಿಕೊಂಡು ಬಂದವನು. ಆ ನಂಬರೇ ಬೇಕೆಂದ. ಕ್ಲಬ್ಬಿನವರು ಟ್ಯಾಗರ್ಟ್‌ಗೆ ಫೋನ್ ಮಾಡಿ, ನಿಮ್ಮ ಒಪ್ಪಿಗೆ ಬೇಕಿತ್ತು ಅಂದರು. ಅವನು ಒಪ್ಪಿದ.

ಇದನ್ನು ಎಮಿಲ್ ತಿಳಿದದ್ದು ಪೇಪರಿನಲ್ಲಿ. ಓದಿ ಎದ್ದವನೇ ಮನೆಯೊಳಗಿನ ಚಪ್ಪಲಿಯಲ್ಲೇ ಹೊರಟ. ಕೋಪದಲ್ಲಿ ಕಾರು ಎಲ್ಲಿ ಗುದ್ದುತ್ತಾನೋ ಎಂದು ನಾನೂ ಜೊತೆಗೆ ಹೋದೆ.

ಟ್ಯಾಗರ್ಟ್ ಮೇಜಿನ ಮುಂದೆ ಮಂಡಿಗೆ ಐಸ್ ಚೀಲ ಕಟ್ಟಿಕೊಂಡು ಕೂತಿದ್ದ. ಎಮಿಲ್ ನಿಂತೇ ಕೂಗಿದ.

"ಒಂದು ಮಾತು ನನ್ನ ಹತ್ರ ಹೇಳ್ಬೇಕು ಅನ್ನಿಸ್ಲಿಲ್ವಾ ನಿನಗೆ?"

"ಯಾಕೆ, ನಂಬರು ನಿನ್ನದಾ?"

"ನಿನ್ನದು! ಗೋಡೆ ಮೇಲೆ ಬರ್ದಿದಾರೆ. ಅದು ಕೊಡೋಕೆ ಬರಲ್ಲ ಆರ್ಲೊ. ಕೊಟ್ಮೇಲೆ ಇಷ್ಟು ದಿನ ಇದ್ದಿದ್ದಕ್ಕೆ ಏನರ್ಥ?"

"ಆ ಗೋಡೆ ಮುಂದೆ ದಿನಾ ವ್ಯಾನ್ ಓಡಿಸ್ಕೊಂಡು ಹೋಗ್ತೀನಿ. ಒಂದು ದಿನಾನೂ ಅದು ಹೇಗಿದೀಯಪ್ಪ ಅಂತ ಕೇಳಿಲ್ಲ."

"ತಮಾಷೆ ಮಾಡ್ಬೇಡ. ಫೋನ್ ಮಾಡಿ ಆಗಲ್ಲ ಅನ್ನು. ಇನ್ನೂ ಟೈಮಿದೆ."

ಟ್ಯಾಗರ್ಟ್ ಐಸ್ ಚೀಲವನ್ನು ಸರಿಮಾಡಿಕೊಂಡ. ನನಗೆ ಕುರ್ಚಿ ತೋರಿಸಿದ, ಎಮಿಲ್‌ಗೆ ತೋರಿಸಲಿಲ್ಲ.

"ಕೂನ್ಸ್ ಅಂತ ಒಬ್ಬ ಇದ್ದ, ಗೊತ್ತಾ ನಿನಗೆ? ಡೆಲ್ಬರ್ಟ್ ಕೂನ್ಸ್."

ಎಮಿಲ್ ತಲೆಯಾಡಿಸಿದ. ಗೊತ್ತಿಲ್ಲ. ಅವನಿಗೆ ಗೊತ್ತಿಲ್ಲದ ಆಟಗಾರನ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

"ನಿನಗೆ ಗೊತ್ತಿರಲ್ಲ. ನಾನು ಚಿಕ್ಕ ತಂಡದಿಂದ ಇಲ್ಲಿಗೆ ಬಂದ ದಿನ ಬಟ್ಟೆ ನೋಡ್ಕೊಳ್ಳೋ ಮುದುಕ ಒಂದು ಅಂಗಿ ಕೊಟ್ಟ. ಹತ್ತೊಂಬತ್ತು. ಬೆನ್ನ ಮೇಲೆ ಹಳೇ ಹೆಸರು ಬಿಚ್ಚಿದ ಹೊಲಿಗೆ ತೂತು ಕಾಣ್ತಿತ್ತು. ಹಾಕ್ಕೊಂಡು ಹೊರಗೆ ಬಂದ್ರೆ ಓಣೀಲಿ ಒಬ್ಬ ಚೀಲ ಇಟ್ಕೊಂಡು ಟ್ಯಾಕ್ಸಿಗೆ ಕಾಯ್ತಿದ್ದ. ಕೂನ್ಸ್. ಅವತ್ತು ಬೆಳಿಗ್ಗೆ ತಂಡದಿಂದ ತೆಗೆದಿದ್ರು. ನನ್ನ ನೋಡ್ದ, ಅಂಗಿ ನೋಡ್ದ. ಬೈತಾನೆ ಅಂದ್ಕೊಂಡೆ." ಟ್ಯಾಗರ್ಟ್ ತನ್ನ ಎಡ ಕಂಕುಳು ಮುಟ್ಟಿ ತೋರಿಸಿದ. "ಎಡಗಡೆ ಕಂಕುಳಲ್ಲಿ ಬಿಗಿ ಹಿಡಿಯುತ್ತೆ, ಸ್ವಲ್ಪ ಬಿಚ್ಚಿಸ್ಕೊ ತಮ್ಮಾ ಅಂದ. ಅಷ್ಟೇ. ಟ್ಯಾಕ್ಸಿ ಬಂತು, ಹೋದ."

ಟ್ಯಾಗರ್ಟ್ ಎಮಿಲ್ ಕಡೆ ತಿರುಗಿದ.

"ನನ್ನನ್ನ ಫೋನ್ ಮಾಡಿ ಕೇಳಿದ್ರಲ್ಲ, ಎಮಿಲ್. ಅವನನ್ನ ಯಾರೂ ಕೇಳ್ಲಿಲ್ಲ. ನಾನು ಯಾವ ಬಾಯಲ್ಲಿ ಆಗಲ್ಲ ಅನ್ನಲಿ? ಸ್ವಂತ ಮನೆ ಅಂತೀಯ ನೀನು. ನಾನು ಆ ಮನೆಗೆ ಹೊಕ್ಕಾಗ ಒಲೆ ಇನ್ನೂ ಬಿಸಿ ಇತ್ತು."

ಎಮಿಲ್ ಮನೆಗೆ ಬಂದು ಕಪಾಟು ತೆಗೆದು ಟ್ಯಾಗರ್ಟ್‌ನ ಕಾರ್ಡನ್ನು ಹೊರಗೆ ತೆಗೆದ. ಅವನದೇ ನಿಯಮದ ಪ್ರಕಾರ ಅದಕ್ಕೆ ಅಲ್ಲಿ ಇನ್ನು ಜಾಗವಿರಲಿಲ್ಲ. ಆದರೆ ಬೇರೆಲ್ಲಿ ಇಡುವುದೆಂದು ಅವನಿಗೆ ತೋಚಲಿಲ್ಲ. ಪಕ್ಕದ ಮನೆಯ ಮಕ್ಕಳಿಗೆ ಕೊಡುವಂಥದ್ದೂ ಅಲ್ಲ. ಅಡುಗೆಮನೆಯ ಮೇಜಿನ ಮೇಲೆ ಉಪ್ಪಿನ ಡಬ್ಬಿಗೆ ಒರಗಿಸಿಟ್ಟ. ಅದು ಅಲ್ಲೇ ಉಳಿಯಿತು. ಬೆಳಿಗ್ಗೆ ಮೊಟ್ಟೆ ತಿನ್ನುವಾಗಲೂ ರಾತ್ರಿ ಸೂಪು ಕುಡಿಯುವಾಗಲೂ ಯುವಕ ಟ್ಯಾಗರ್ಟ್ ನಮ್ಮನ್ನು ನೋಡುತ್ತಿದ್ದ. ನೆಟ್ಟಗಿನ ಬೆರಳು, ದಪ್ಪ ಕೂದಲು. ಒಂದು ದಿನ ಅದರ ಮೇಲೆ ಟೊಮೇಟೊ ಸೂಪಿನ ಹನಿ ಬಿತ್ತು. ಎಮಿಲ್ ಬೆರಳಲ್ಲಿ ಒರೆಸಿ ಊಟ ಮುಂದುವರಿಸಿದ.

ಶನಿವಾರ ಬಂತು. ಅವನು ಸಂತೆಗೆ ಹೊರಡಲಿಲ್ಲ. ಮುಂದಿನ ಶನಿವಾರವೂ ಇಲ್ಲ. ಇಷ್ಟು ವರ್ಷ ನಾನು ಕಾದದ್ದು ಇದಕ್ಕೇ. ಆದರೆ ಅವನು ಸೋಫಾದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದನ್ನು ಕಂಡಾಗ, ಎಬ್ಬಿಸಿ ಯಾವುದಾದರೂ ಹಾಲ್‌ಗೆ ಕರೆದುಕೊಂಡು ಹೋಗೋಣವೇ ಅನಿಸಿತು.

ಶುಕ್ರವಾರಗಳು ಮಾತ್ರ ನಿಲ್ಲಲಿಲ್ಲ. ಮೊದಲ ವಾರ ಟ್ಯಾಗರ್ಟ್ ಒಬ್ಬನೇ ಮೂಲೆಯ ಮೇಜಿನಲ್ಲಿ ಕೂತಿದ್ದ. ಎಮಿಲ್ ತಟ್ಟೆ ಹಿಡಿದು ಸ್ವಲ್ಪ ಹೊತ್ತು ನಿಂತ. ನಾನು ಹೋಗಿ ಟ್ಯಾಗರ್ಟ್‌ನ ಎದುರು ಕೂತೆ. ಬೇರೆ ದಾರಿಯಿಲ್ಲದೆ ಅವನೂ ಬಂದ. ಈ ಸಲ ಆಟದ ಮಾತು ಬರಲಿಲ್ಲ. ವ್ಯಾನಿನ ಹೊಸ ಟೈರು, ನನ್ನ ಕಣ್ಣು, ಪಾದ್ರಿಯ ಕೆಮ್ಮು, ಅಷ್ಟೇ.

ನಂಬರು ಹಸ್ತಾಂತರದ ದಿನ ಟ್ಯಾಗರ್ಟ್ ನಮ್ಮಿಬ್ಬರನ್ನೂ ಕರೆದ. "ನನ್ನ ಕಡೆಯವರು ಅಂತ ಯಾರಾದ್ರೂ ಇರ್ಬೇಕಂತೆ," ಅಂದ. ಎಮಿಲ್ ಬರುವುದಿಲ್ಲ ಅಂದುಕೊಂಡಿದ್ದೆ. ಬಂದ, ಟೈ ಕಟ್ಟಿಕೊಂಡು. ಗೋಡೆಯ ಮೇಲಿದ್ದ ಹತ್ತೊಂಬತ್ತನ್ನು ಹಸಿರು ಬಣ್ಣ ಹೊಡೆದು ಮುಚ್ಚಿದ್ದರು. ಹೊಸ ಬಣ್ಣವಾದ್ದರಿಂದ ಆ ಜಾಗ ಮಿಕ್ಕ ಗೋಡೆಗಿಂತ ಗಾಢವಾಗಿ ಕಾಣುತ್ತಿತ್ತು. ಫೋಟೊದವರು ಟ್ಯಾಗರ್ಟ್‌ಗೆ, ಹಳೆಯ ಹಾಗೆ ಒಮ್ಮೆ ಕುಕ್ಕರಗಾಲಲ್ಲಿ ಕೂರಿ ಅಂದರು. ಅವನು ಪ್ರಯತ್ನಿಸಿದ. ಅರ್ಧಕ್ಕೆ ಹೋಗಿ ಅಲ್ಲೇ ನಿಂತ, ಕೆಳಗೂ ಹೋಗಲಾರ, ಮೇಲೂ ಬರಲಾರ. ಎಮಿಲ್ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಉಂಗುರ ಒತ್ತಿ ನೋವಾಯಿತು. ಪ್ರೂಯಿಟ್ ಎಂಬ ಆ ಹುಡುಗನೇ ಮುಂದೆ ಬಂದು ಅವನ ತೋಳಿನ ಕೆಳಗೆ ಕೈ ಕೊಟ್ಟು ಎತ್ತಿದ. ಅಂಗಿ ಕೊಡುವಾಗ ಟ್ಯಾಗರ್ಟ್ ಅವನ ಕಿವಿಯಲ್ಲಿ ಏನೋ ಹೇಳಿದ. ಹುಡುಗ ತಲೆಯಾಡಿಸಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಕೆಲವರು ಕಣ್ಣೊರೆಸಿಕೊಂಡರು.

ವಾಪಸ್ಸು ಬರುವಾಗ ಕೇಳಿದೆ. "ಏನು ಹೇಳಿದ್ರಿ ಅವನಿಗೆ?"

"ಮೂತ್ರಕ್ಕೆ ಎಲ್ಲಿ ಹೋಗ್ಬೇಕಪ್ಪ ಅಂತ ಕೇಳ್ದೆ. ಒಳಗೆಲ್ಲ ಬದಲಾಯಿಸ್ಬಿಟ್ಟಿದಾರೆ."

ಎಮಿಲ್ ನಕ್ಕ. ತಿಂಗಳುಗಳಾದ ಮೇಲೆ ನಕ್ಕದ್ದು. ನಗು ಕೆಮ್ಮಾಗಿ ರಸ್ತೆ ಬದಿಗೆ ಕಾರು ನಿಲ್ಲಿಸಬೇಕಾಯಿತು.

ಪ್ರೂಯಿಟ್ ಕೆಟ್ಟ ಹುಡುಗನಲ್ಲ, ಆಟವೂ ಕೆಟ್ಟದಿರಲಿಲ್ಲ. ಆದರೆ ತಂಡ ಸೋಲುತ್ತಲೇ ಹೋಯಿತು. ಬೇಸಿಗೆಯ ನಡುವೆ ಅವನನ್ನು ಪಶ್ಚಿಮದ ಯಾವುದೋ ತಂಡಕ್ಕೆ ಕೊಟ್ಟು ಬದಲಿಗೆ ಚೆಂಡು ಎಸೆಯುವವರಿಬ್ಬರನ್ನು ತಂದರು. ಅಂದರೆ ಹತ್ತೊಂಬತ್ತು ಈಗ ಯಾರ ಬೆನ್ನ ಮೇಲೂ ಇಲ್ಲ, ಗೋಡೆಯ ಮೇಲೂ ಇಲ್ಲ. ಎಮಿಲ್ ಕ್ಲಬ್ಬಿನ ಆಫೀಸಿಗೆ ಫೋನ್ ಮಾಡಿ ಮತ್ತೆ ಬರೆಯುತ್ತೀರಾ ಅಂತ ವಿಚಾರಿಸಿದ. ಆ ಕಡೆಯ ಹುಡುಗಿ ಒಳ್ಳೆಯ ದನಿಯಲ್ಲಿ, "ಯಾವ ನಂಬರು ಸರ್? ಯಾರದು?" ಅಂದಳು. ಅವನು ಹೇಳಿದ. ಅವಳು ಕಾಗುಣಿತ ಬಿಡಿಸಿ ಹೇಳಿ ಅಂದಳು. ಅವನು ಒಂದೊಂದೇ ಅಕ್ಷರ ಹೇಳಿದ. ಯಾರನ್ನಾದರೂ ಕೇಳಿ ತಿಳಿಸುತ್ತೇನೆ ಅಂದಳು. ಯಾರೂ ತಿಳಿಸಲಿಲ್ಲ.

ಶುಕ್ರವಾರ ಎಮಿಲ್ ಇದನ್ನು ಅಳುಕುತ್ತಲೇ ಹೇಳಿದ. ಟ್ಯಾಗರ್ಟ್ ಈರುಳ್ಳಿ ಬದಿಗೆ ಸರಿಸಿ ಕೇಳಿದ, "ಹೋಗ್ಲಿ, ನನ್ನ ಹೆಸರಲ್ಲಿ ಎರಡು ಜಿ ಇದೆ, ಅದು ಹೇಳಿದ್ಯಾ?"

"ಹೇಳ್ದೆ."

"ಸಾಕು ಬಿಡು."

ಸೆಪ್ಟೆಂಬರಿನಲ್ಲಿ ವರ್ಷದ ಕೊನೆಯ ಆಟಕ್ಕೆ ನಾವು ಮೂವರೂ ಹೋದೆವು. ದೂರದ ಮೇಲಿನ ಸೀಟು, ಮಧ್ಯಾಹ್ನದ ಬಿಸಿಲು, ಅರ್ಧ ಖಾಲಿ ಮೈದಾನ. ಮೆಟ್ಟಿಲು ಹತ್ತಲು ಟ್ಯಾಗರ್ಟ್‌ಗೆ ಬಹಳ ಹೊತ್ತು ಹಿಡಿಯಿತು. ಎಮಿಲ್ ಒಂದು ಮೆಟ್ಟಿಲು ಹಿಂದೆ, ಬಿದ್ದರೆ ಹಿಡಿಯುವವನ ಹಾಗೆ ಕೈ ಚಾಚಿಕೊಂಡೇ ಹತ್ತಿದ, ತನ್ನ ಬೆನ್ನು ಮರೆತು. ಆಟ ಅರ್ಧಕ್ಕೆ ಬರುವ ಮೊದಲೇ ಟ್ಯಾಗರ್ಟ್ ನಿದ್ದೆ ಹೋದ. ತಲೆ ಎಮಿಲ್‌ನ ಭುಜಕ್ಕೆ ಜಾರಿತು, ಬಾಯಿ ತೆರೆದಿತ್ತು, ಸೊಟ್ಟ ಬೆರಳುಗಳು ತೊಡೆಯ ಮೇಲೆ ಬಿಡಿಸಿಕೊಂಡಿದ್ದವು.

ಹಿಂದಿನ ಸಾಲಿನಿಂದ ಒಬ್ಬ ಬಗ್ಗಿದ. ನಡುವಯಸ್ಸಿನವನು, ಕೈಯಲ್ಲಿ ಪೆನ್ನು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಅಂಗಿ ತೊಟ್ಟ ಕಾರ್ಡು.

"ಕ್ಷಮಿಸಿ. ಇವ್ರು ಟ್ಯಾಗರ್ಟ್ ಅಲ್ವಾ? ಹತ್ತೊಂಬತ್ತು?"

ಎಮಿಲ್ ಆ ಕಾರ್ಡನ್ನು ನೋಡಿದ. ಬ್ರೆಡ್ ಕಂಪನಿಯದೇ. ಅವನದಕ್ಕಿಂತ ಚೆನ್ನಾಗಿತ್ತು, ಮೂಲೆಗಳೆಲ್ಲ ಚೂಪಾಗಿದ್ದವು. ಆ ಮನುಷ್ಯನ ಮುಖದಲ್ಲಿದ್ದ ಆಸೆ ಎಂಥದೆಂದು ನನ್ನ ಗಂಡನಿಗಿಂತ ಚೆನ್ನಾಗಿ ತಿಳಿದವರು ಈ ಊರಲ್ಲಿ ಇರಲಿಕ್ಕಿಲ್ಲ.

"ಅಲ್ಲಪ್ಪ," ಅಂದ ಎಮಿಲ್, ಭುಜ ಅಲುಗಿಸದೆ. "ನನ್ನ ಹೆಂಡತಿ ಅಣ್ಣ."

"ಥೇಟ್ ಹಾಗೇ ಇದಾರೆ."

"ಎಲ್ರೂ ಹಾಗೇ ಹೇಳ್ತಾರೆ. ಪಾಪ, ಕೆಲಸದಲ್ಲಿ ದಣಿದಿದಾನೆ. ಮಲಗ್ಲಿ ಬಿಡಿ."

ಆ ಮನುಷ್ಯ ನನ್ನನ್ನು ನೋಡಿದ. ನನಗೆ ಅಣ್ಣ ತಮ್ಮ ಯಾರೂ ಇಲ್ಲ. ಹೌದೆಂದು ತಲೆಯಾಡಿಸಿದೆ. ಅವನು ಕಾರ್ಡು ಜೇಬಿಗಿಟ್ಟುಕೊಂಡು ಹಿಂದಕ್ಕೆ ಒರಗಿದ.

ನಾವು ಸೋತೆವು. ಜನ ಪೂರ್ತಿ ಇಳಿದುಹೋಗಿ, ಗುಡಿಸುವವರು ಕೆಳಗಿನ ಸಾಲಿನಿಂದ ಕಡಲೆಕಾಯಿ ಸಿಪ್ಪೆ ಒಟ್ಟು ಮಾಡುತ್ತ ಬರುವ ತನಕ ಅಲ್ಲೇ ಕೂತೆವು. ಆಮೇಲೆ ಎಮಿಲ್ ಅವನ ಮಂಡಿಯ ಮೇಲೆ ಮೆಲ್ಲಗೆ ತಟ್ಟಿ, "ಏಳಯ್ಯಾ, ಹೋಗೋಣ," ಅಂದ.